ಉಪ್ಪಿನಕಾಯಿ ಅಂಗಡಿಗೆ ಯಾವ ಪ್ಲಾಟ್‌ಫಾರ್ಮ್?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಜೇನುತುಪ್ಪ ಮಾರುವವರು. ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲೇ ಮೂರು ಜನ ಕೇಳಿದಿರಿ: "ಶಾಪಿಫೈ ಒಳ್ಳೇದಾ, ವೂಕಾಮರ್ಸ್ ಒಳ್ಳೇದಾ?" ಎರಡೂ ಆನ್‌ಲೈನ್ ಅಂಗಡಿ ತೆರೆಯುವ ಸಾಫ್ಟ್‌ವೇರ್, ಅಂದರೆ ಪ್ಲಾಟ್‌ಫಾರ್ಮ್. ಅದಕ್ಕೂ ಮೊದಲು ನನಗೆ ಒಂದು ಹೇಳಿ. ತಿಂಗಳಿಗೆ ಎಷ್ಟು ಆರ್ಡರ್ ಬರುತ್ತದೆ?

ನಲವತ್ತು ಅಂದುಕೊಳ್ಳೋಣ. ಒಂದೊಂದು 500 ರೂಪಾಯಿಯದು. ಒಟ್ಟು 20,000. ಶಾಪಿಫೈಗೆ ತಿಂಗಳ ಬಾಡಿಗೆ ಇದೆ, ಲೆಕ್ಕಕ್ಕೆ 2,000 ಇಟ್ಟುಕೊಳ್ಳಿ. ಅದರದೇ ಪೇಮೆಂಟ್ ವ್ಯವಸ್ಥೆ ಭಾರತದಲ್ಲಿ ಇಲ್ಲ. ಹಾಗಾಗಿ ರೇಜರ್‌ಪೇಯಂಥ ಗೇಟ್‌ವೇ, ಅಂದರೆ ಗಿರಾಕಿಯ ದುಡ್ಡನ್ನು ನಿಮ್ಮ ಖಾತೆಗೆ ತಲುಪಿಸುವ ಸೇವೆ, ಸೇರಿಸಬೇಕು. ಹೊರಗಿನದನ್ನು ಸೇರಿಸಿದ್ದಕ್ಕೆ ಬೇಸಿಕ್ ಪ್ಲಾನಿನಲ್ಲಿ ಶಾಪಿಫೈ 2% ಕೇಳುತ್ತದೆ. ಅದು 400 ಆಯಿತು. ಗೇಟ್‌ವೇಗೆ ಸುಮಾರು 2%, ಅದರ ಮೇಲೆ 18% ಜಿಎಸ್‌ಟಿ. ಅದು 472. ಎಲ್ಲ ಕೂಡಿದರೆ 2,872. ಆರ್ಡರಿಗೆ ಹತ್ತಿರ ಹತ್ತಿರ 72 ರೂಪಾಯಿ, ಕೊರಿಯರ್ ಬೇರೆ! ಇದರಲ್ಲಿ ಜಾಸ್ತಿ ತಿನ್ನುವುದು ಬಾಡಿಗೆ. ಆರ್ಡರ್ ನಾನೂರಕ್ಕೆ ಏರಿದರೆ ಅದೇ ಬಾಡಿಗೆ ಒಂದೊಂದಕ್ಕೆ 5 ರೂಪಾಯಿ ಅಷ್ಟೇ. ಆಗ ಶಾಪಿಫೈ ಸುಖ. ಸರ್ವರ್, ಅಪ್‌ಡೇಟ್ ತಲೆನೋವೆಲ್ಲ ಅವರದು.

ವೂಕಾಮರ್ಸ್ ಅಂದರೆ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್‌ಗೆ ಜೋಡಿಸುವ ಪ್ಲಗಿನ್, 2011ರಿಂದ ಇದೆ. ಬಿಟ್ಟಿ. ಆದರೆ ಡೊಮೇನ್ ಅಂದರೆ ಸೈಟಿನ ವಿಳಾಸ, ಹೋಸ್ಟಿಂಗ್ ಅಂದರೆ ಸೈಟ್ ಇಡುವ ಜಾಗ, ಜೊತೆಗೆ ಬ್ಯಾಕಪ್, ಎಲ್ಲ ನಾವೇ ನೋಡಿಕೊಳ್ಳಬೇಕು. ನಮ್ಮ ಅತ್ತಿಗೆಗೆ ಪರಿಚಯದ ಹುಡುಗನೊಬ್ಬ ಸೈಟ್ ಮಾಡಿಕೊಟ್ಟ. ಚೆನ್ನಾಗೇ ಮಾಡಿದ್ದ. ಡೊಮೇನ್ ಮಾತ್ರ ತನ್ನ ಈಮೇಲ್ ಕೊಟ್ಟು ಕೊಂಡಿದ್ದ. ಆಮೇಲೆ ಕೆಲಸ ಸಿಕ್ಕಿ ಪುಣೆಗೆ ಹೋದ. ರಿನ್ಯೂವಲ್ ನೆನಪೋಲೆಗಳೆಲ್ಲ ಅವನಿಗೇ ಹೋದವು, ಅವನು ನೋಡಲಿಲ್ಲ, ಡೊಮೇನಿನ ಅವಧಿ ಮುಗಿಯಿತು. ಏಪ್ರಿಲ್‌ನಲ್ಲಿ, ಮಿಡಿ ಸೀಸನ್ನಿನ ಮಧ್ಯೆ, ಅಂಗಡಿ ಮಾಯ. ಅತ್ತಿಗೆ ಮೊದಲು ಬೈದದ್ದು ನನಗೆ. ಹುಡುಗನನ್ನು ಗೊತ್ತುಮಾಡಿದ್ದು ನಾನೇ ತಾನೆ!

ಮಜೆಂಟೋ ಅನ್ನುವ ಇನ್ನೊಂದು ಅಂಗಡಿ ಸಾಫ್ಟ್‌ವೇರಿನ ಹೆಸರೂ ಕೇಳಿರುತ್ತೀರಿ. 2018ರಲ್ಲಿ ಅಡೋಬಿ ಕಂಪನಿ ಅದನ್ನು ಕೊಂಡುಕೊಂಡಿತು. ಪ್ರೋಗ್ರಾಮರ್‌ಗಳನ್ನು ಸಂಬಳಕ್ಕೆ ಇಟ್ಟುಕೊಂಡವರಿಗೆ ಸರಿ. ನಮಗೆ ಬೇಡ.

ಬಿಟ್ಟುಹೋಗುವ ದಿನದ ಬಗ್ಗೆಯೂ ಈಗಲೇ ಯೋಚಿಸಿ. ಶಾಪಿಫೈನಿಂದ ಗಿರಾಕಿಗಳ ಪಟ್ಟಿ, ಸಾಮಾನಿನ ಪಟ್ಟಿ ಎರಡನ್ನೂ ಫೈಲಾಗಿ ಇಳಿಸಿಕೊಳ್ಳಬಹುದು. ಆದರೆ ಅಲ್ಲಿನ ಥೀಮ್, ಅಂದರೆ ಅಂಗಡಿಯ ಅಂದಚಂದ, ವೂಕಾಮರ್ಸ್‌ನಲ್ಲಿ ನಡೆಯುವುದಿಲ್ಲ. ಸುಮ್ನೆ ಅದಕ್ಕೆ ದುಡ್ಡು ಸುರಿಯಬೇಡಿ.

ಕ್ಯಾಶ್ ಆನ್ ಡೆಲಿವರಿ ಇಟ್ಟರೆ ಯಾವ ಪ್ಲಾಟ್‌ಫಾರ್ಮೂ ಕಾಪಾಡುವುದಿಲ್ಲ. ಕೊರಿಯರ್‌ನವರು 'ಆರ್‌ಟಿಓ ಆಯ್ತು' ಅಂದರೆ ಲೈಸೆನ್ಸ್ ಆಫೀಸಲ್ಲ, ಗಿರಾಕಿ ತೆಗೆದುಕೊಳ್ಳದೆ ನಿಮ್ಮ ಬಾಟಲಿ ವಾಪಸ್ ಬರುತ್ತಿದೆ ಅಂತ. ಹೋಗುವ ಖರ್ಚೂ ನಿಮ್ಮದೇ, ಬರುವ ಖರ್ಚೂ ನಿಮ್ಮದೇ.

ನಲವತ್ತೇ ಆರ್ಡರ್ ಇರುವವರಿಗೆ ನನ್ನ ಮಾತು ಇಷ್ಟು: ಈ ವರ್ಷ ಎರಡೂ ಬೇಡ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಬಿಟ್ಟಿ ಸಿಗುತ್ತದೆ. ದುಡ್ಡಿಗೆ ಯುಪಿಐ ಇದೆ. ಡೊಮೇನ್ ಒಂದನ್ನು ಇವತ್ತೇ ಕೊಂಡಿಡಿ, ನಿಮ್ಮ ಹೆಸರಲ್ಲಿ, ನಿಮ್ಮದೇ ಈಮೇಲ್ ಕೊಟ್ಟು.

ಹಿಂದಿನ ಸಾಲಿನ ಅಕ್ಕ ಆಗಿನಿಂದ ಕೈ ಎತ್ತಿದ್ದಾರೆ. ಕೇಳಿ ಅಕ್ಕಾ.