ಪರಮಾಣುವಿಗೆ ಮುಪ್ಪಿಲ್ಲ

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನಮ್ಮ ಕಾಲೇಜಿನ ಹುಡುಗರನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಮೂರನೇ ಗುಹೆಯ ಮುಂದೆ ಒಬ್ಬ ಕೇಳಿದ: "ಸರ್, ಇದಕ್ಕ ಕಾರ್ಬನ್ ಡೇಟಿಂಗ್ ಮಾಡ್ಯಾರೇನ್ರಿ?" ಕಾರ್ಬನ್ ಡೇಟಿಂಗ್ ಅಂದರೆ ಉಳಿದ ಇಂಗಾಲದ ಲೆಕ್ಕದಿಂದ ಹಳೆಯ ವಸ್ತುವಿನ ವಯಸ್ಸು ಹೇಳುವುದು. ನಿಂತ ಕಾಲಲ್ಲಿ ಉತ್ತರಿಸುವ ಪ್ರಶ್ನೆ ಅದಲ್ಲ. ಇವತ್ತು ಬಾಗಲಕೋಟೆಯ ಈ ಸಭೆಯಲ್ಲಿ ಅವನೂ ಕೂತಿದ್ದಾನೆ.

ಮೊದಲು ಈ ಹುಣಸೆ ಬೀಜ ನೋಡ್ರಿ. ಚೌಕಾಬಾರ ಆಡಿದವರಿಗೆ ಗೊತ್ತು, ಹೋಳು ಮಾಡಿದರೆ ಒಂದು ಮಗ್ಗಲು ಬಿಳಿ, ಇನ್ನೊಂದು ಕಂದು. 100 ಹೋಳು ತಂದಿದ್ದೇನೆ. ಮೇಜಿನ ಮೇಲೆ ಚೆಲ್ಲಿ, ಬಿಳಿ ಮೇಲಾಗಿ ಬಿದ್ದವನ್ನು ತೆಗೆದುಬಿಡೋಣ. ಉಳಿದವು 53. ಮತ್ತೆ ಚೆಲ್ಲಿದೆ, 25. ಮತ್ತೊಮ್ಮೆ, 14. ಎರಡೂ ಮಗ್ಗಲು ಸರಿಸಮ ಇರುವುದಿಲ್ಲ, ಮೇಲಾಗಿ ಇದು ಅದೃಷ್ಟದ ಆಟ, ಅದಕ್ಕೇ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಿಮೆ. ಆದರೆ ಪ್ರತಿ ಸಲವೂ ಹೆಚ್ಚೂಕಮ್ಮಿ ಅರ್ಧಕ್ಕಿಳಿಯಿತು.

ಈ 14 ಬೀಜ ಮೂರು ಸಲ ಉಳಿದುಕೊಂಡವು. "ಇಷ್ಟೊತ್ತು ಉಳದೈತಿ, ಇನ್ನ ಹೋಗೂದ ಖರೆ" ಅನ್ನುವ ಹಾಗಿಲ್ಲ. ಮುಂದಿನ ಸಲವೂ ಅವಕ್ಕೆ ಮೊದಲಿನಷ್ಟೇ ಅವಕಾಶ. ವಿಕಿರಣಶೀಲ ಪರಮಾಣು, ಅಂದರೆ ಕಿರಣ ಸೂಸಿ ತಾನಾಗಿಯೇ ಬೇರೊಂದು ಪರಮಾಣುವಾಗುವಂಥದ್ದು, ಅದೂ ಹೀಗೆಯೇ. ಮನುಷ್ಯನಿಗೆ ತೊಂಬತ್ತಾದರೆ ಮೈ ಸವೆದಿರುತ್ತದೆ, ಪರಮಾಣು ಸವೆಯುವುದಿಲ್ಲ. ಭೂಮಿ ಹುಟ್ಟಿದಾಗಿನಿಂದ ಉಳಿದ ಯುರೇನಿಯಂ ಪರಮಾಣು ಇವತ್ತಿಗೂ ಹೊಚ್ಚ ಹೊಸದು. ಒಂದೊಂದು ಬದಲಾಗುವ ಗಳಿಗೆ ಯಾರೂ ಹೇಳಲಾರರು, ಆದರೆ ಕೋಟಿಗಟ್ಟಲೆ ಸೇರಿದರೆ ಲೆಕ್ಕ ತಪ್ಪುವುದಿಲ್ಲ. ಅರ್ಧ ಉಳಿಯಲು ಹಿಡಿಯುವ ಕಾಲವೇ ಅರ್ಧಾಯು. ಯುರೇನಿಯಂ-238ಕ್ಕೆ ಸುಮಾರು 447 ಕೋಟಿ ವರ್ಷ, ಥೈರಾಯ್ಡ್ ಚಿಕಿತ್ಸೆಗೆ ಕೊಡುವ ಅಯೋಡಿನ್-131ಕ್ಕೆ 8 ದಿನ. ಕಳೆದ ಮೂವತ್ತು ವರ್ಷದಲ್ಲಿ ನಾನು ಪಾಠ ಮಾಡಿದ್ದರಲ್ಲಿ ಇದಕ್ಕಿಂತ ಬೆರಗಿನ ಮಾತು ಇನ್ನೊಂದಿಲ್ಲ.

1896ರಲ್ಲಿ ಪ್ಯಾರಿಸ್ಸಿನ ಹೆನ್ರಿ ಬೆಕೆರೆಲ್ ಯುರೇನಿಯಂ ಲವಣವನ್ನು ಮುಚ್ಚಿಟ್ಟ ಫೋಟೋ ಫಲಕದ ಜೊತೆ ಡ್ರಾಯರಿನಲ್ಲಿಟ್ಟಿದ್ದರು. ಬಿಸಿಲೇ ತಾಗದಿದ್ದರೂ ಫಲಕದ ಮೇಲೆ ಗುರುತು ಮೂಡಿತ್ತು. ಕಿರಣ ಹೊರಟದ್ದು ಯುರೇನಿಯಂನಿಂದಲೇ. ಇಂಥ ಕಿರಣ ಮೂರು ಬಗೆ. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿನಿಂದ ಎರಡು ಪ್ರೋಟಾನು, ಎರಡು ನ್ಯೂಟ್ರಾನು ಒಟ್ಟಾಗಿ ಹೊರಬಿದ್ದರೆ ಅದು ಆಲ್ಫಾ. ನ್ಯೂಟ್ರಾನೊಂದು ಪ್ರೋಟಾನಾಗಿ, ಎಲೆಕ್ಟ್ರಾನು ಹೊರಗೆ ಹಾರಿದರೆ ಬೀಟಾ. ಉಳಿದ ಶಕ್ತಿ ಬೆಳಕಿನಂತೆ ಹೋದರೆ ಗ್ಯಾಮಾ.

ಈಗ ಬಾದಾಮಿಗೆ ಬರೋಣ. ವಾತಾವರಣದ ಮೇಲುಭಾಗದಲ್ಲಿ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟಿದ ನ್ಯೂಟ್ರಾನುಗಳು ನೈಟ್ರೋಜನ್‌ಗೆ ಬಡಿದು ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಹುಟ್ಟುತ್ತಲೇ ಇರುತ್ತದೆ. ನಮ್ಮ ಹೊಲದ ಜೋಳ ಅದನ್ನು ಗಾಳಿಯಿಂದ ಎಳೆದುಕೊಳ್ಳುತ್ತದೆ, ಬೆಳಿಗ್ಗೆ ತಿಂದ ರೊಟ್ಟಿಯಿಂದ ಅದು ನಮ್ಮ ಮೈಗೂ ಸೇರಿದೆ. ಜೀವ ಹೋದ ಮೇಲೆ ಹೊಸದು ಬರುವುದಿಲ್ಲ. ಇದ್ದದ್ದು 5730 ವರ್ಷಕ್ಕೆ ಅರ್ಧವಾಗುತ್ತ, ಮತ್ತೆ ನೈಟ್ರೋಜನ್ ಆಗುತ್ತ ಹೋಗುತ್ತದೆ. ಆದರೆ ಗುಹೆಯ ಮರಳುಗಲ್ಲು ಉಣ್ಣಲಿಲ್ಲ, ಉಸಿರಾಡಲಿಲ್ಲ. ಅದರಲ್ಲಿ ಈ ಗಡಿಯಾರವೇ ಇಲ್ಲ. ಯುರೇನಿಯಂ ಲೆಕ್ಕ ಹಿಡಿದರೂ ಕಲ್ಲಿನ ಹರಳು ಯಾವಾಗ ಹುಟ್ಟಿತು ಎಂದು ತಿಳಿದೀತೇ ಹೊರತು, ಶಿಲ್ಪಿಯ ಉಳಿ ಯಾವಾಗ ಬಿತ್ತು ಎಂದಲ್ಲ.

ಹಾಗಾದರೆ ಗುಹೆಯ ಕಾಲ ಹೇಗೆ ಗೊತ್ತಾಯಿತು? ಅಲ್ಲೇ ಚಾಲುಕ್ಯ ಮನೆತನದ ಮಂಗಳೇಶನ ಶಾಸನವಿದೆ, ಶಕ ವರ್ಷ 500, ಕಾರ್ತಿಕ ಹುಣ್ಣಿಮೆ. ಅಂದರೆ ಕ್ರಿ.ಶ. 578. ತಮ್ಮಾ, ಆ ವರ್ಷ ಕಡಿದ ಒಂದು ಮರದ ತೊಲೆ ಎಲ್ಲಾದರೂ ಮಣ್ಣಿನಡಿ ಸಿಕ್ಕರೆ ನಿನ್ನ ಕಾರ್ಬನ್ ಡೇಟಿಂಗ್ ಮಾಡಬಹುದು. ಮೊದಲಿದ್ದ ಕಾರ್ಬನ್-14ರಲ್ಲಿ ನೂರಕ್ಕೆ ಸುಮಾರು 84 ಪಾಲು ಅದರಲ್ಲಿ ಇನ್ನೂ ಇರಬೇಕು.