ದಪ್ಪ ಗೋಡೆ, ಜಾರುವ ಪಂಪು

ರಾತ್ರಿ ಎರಡೂವರೆ ಗಂಟೆ. ಹಾಲ್ ಕಡೆಯಿಂದ ಗುರ್ರ್ ಅಂತ ಸದ್ದು. ಮೊದಲು ಪಕ್ಕದ ಮನೆಯ ಬೋರ್‌ವೆಲ್ ಮೋಟರ್ ಅಂದುಕೊಂಡೆ. ಆಮೇಲೆ ನೆನಪಾಯಿತು, ಕರೆಂಟ್ ಇದ್ದರೂ ಆ ಹೊತ್ತಿಗೆ ಯಾರೂ ಮೋಟರ್ ಹಾಕೋದಿಲ್ಲ. ಎದ್ದು ಹೋಗಿ ಟಾರ್ಚ್ ಬಿಟ್ಟೆ. ಈಗ ನೀವು ನೋಡುತ್ತಿರೋದು ಆ ರಾತ್ರಿ ಫೋನ್‌ನಲ್ಲಿ ತೆಗೆದ ವಿಡಿಯೋ, ಅಲುಗಾಡಿದೆ, ಕ್ಷಮಿಸಿ. ಟ್ಯಾಂಕ್ ತುಂಬ ಮಣ್ಣು ಕದಡಿದ ಹೊಳೆ ನೀರಿನ ಹಾಗೆ. ಮೀನುಗಳೆಲ್ಲ ಒಂದು ಮೂಲೆಗೆ ಸೇರಿವೆ. ಸಂಜೆ ಗೋಡೆಗೆ ಅಂಟಿಸಿದ್ದ ಪಂಪು ತಳದಲ್ಲಿ ಮಲಗಿಕೊಂಡು ಮರಳನ್ನು ಉಗುಳುತ್ತಿದೆ.

ನಮಸ್ಕಾರ, ದಾವಣಗೆರೆಯಿಂದ. ಇವತ್ತು ಆ ಪಂಪಿನ ಕತೆ.

ಟ್ಯಾಂಕ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರ. ನೀರು ಸುಮಾರು 400 ಲೀಟರ್ ಹಿಡಿಯುತ್ತದೆ. ಬೆಂಗಳೂರಿನ ಒಂದು ಆಫೀಸು ಖಾಲಿ ಮಾಡುವಾಗ ಸೆಕೆಂಡ್ ಹ್ಯಾಂಡ್ ಸಿಕ್ಕಿದ್ದು. ಗಾಜಲ್ಲ, ಅಕ್ರಿಲಿಕ್. ನಮ್ಮೂರಿಗೆ ಕುಂದುವಾಡ ಕೆರೆ ಹತ್ತಿರ ಗಾಜಿನ ಮನೆ ಇದೆ, ನನ್ನ ಮೀನಿಗೆ ಮಾತ್ರ ಪ್ಲಾಸ್ಟಿಕ್ ಮನೆ. ಗೋಡೆಯ ದಪ್ಪ ಎಷ್ಟು ಗೊತ್ತಾ? 25 ಎಂ.ಎಂ. ಒಂದು ಇಂಚು! ಎರಡಡಿ ನೀರಿಗೆ ಇಷ್ಟು ದಪ್ಪ ಬೇಕಾಗಿಯೇ ಇಲ್ಲ. ಯಾರೋ ಶೋಕಿಗೆ ಮಾಡಿಸಿದ್ದು. ಅಕ್ರಿಲಿಕ್ ಹಗುರ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಅಷ್ಟೇ ಗಾತ್ರದ ಗಾಜಿನ ಅರ್ಧಕ್ಕಿಂತ ಕಡಿಮೆ ತೂಕ. ಆದರೆ ದಪ್ಪ ಎರಡು ಪಟ್ಟು ಮಾಡಿದರೆ ಲೆಕ್ಕ ಅಲ್ಲಿಂದಲ್ಲಿಗೆ. ಖಾಲಿ ಟ್ಯಾಂಕೇ 80 ಕೆ.ಜಿ. ಮೇಲೆ. ಆಟೋದಿಂದ ಇಳಿಸಲು ನಾಲ್ಕು ಜನ ಬೇಕಾದರು. ಅಮ್ಮ ಬಾಗಿಲಲ್ಲೇ ನಿಂತು, "ಮೀನಿಗೋ ಮೊಸಳಿಗೋ ಇದು?" ಅಂದರು.

ಒಳಗಿರೋದು ಮಿಸ್ ಕೇರಳ. ಮೈಮೇಲೆ ಕೆಂಪು ಗೆರೆ, ಕಪ್ಪು ಗೆರೆ ಇರುವ ಚೂಪು ಮೀನು. ಪಶ್ಚಿಮ ಘಟ್ಟದಿಂದ ಇಳಿಯುವ ಹೊಳೆಗಳದ್ದು. ಕಾಡಿನಲ್ಲಿ ಅಳಿವಿನಂಚಿಗೆ ಬಂದಿದೆ, ಅದಕ್ಕೇ ಫಾರ್ಮಿನಲ್ಲಿ ಮರಿ ಮಾಡಿಸಿದ್ದನ್ನೇ ಹುಡುಕಿ ತಂದೆ. ಇವಕ್ಕೆ ನಿಂತ ನೀರು ಆಗದು. ಹರಿವು ಬೇಕು, ನೀರಲ್ಲಿ ಆಮ್ಲಜನಕ ಚೆನ್ನಾಗಿರಬೇಕು. ನಮ್ಮ ಬೇಸಿಗೆಯಲ್ಲಂತೂ ಇನ್ನೂ ಜಾಸ್ತಿ ಬೇಕು, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ಹಾಗಾಗಿ ವೇವ್‌ಮೇಕರ್ ತರಿಸಿದೆ, ಅಂದರೆ ಟ್ಯಾಂಕಿನೊಳಗೆ ಹರಿವು ಎಬ್ಬಿಸುವ ಪಂಪು. ಒಳಗೆ ಪಂಪು ಮತ್ತು ಒಂದು ಮ್ಯಾಗ್ನೆಟ್, ಹೊರಗೆ ಇನ್ನೊಂದು ಮ್ಯಾಗ್ನೆಟ್. ನಡುವೆ ಗೋಡೆ. ಸ್ಕ್ರೂ ಇಲ್ಲ, ತೂತಿಲ್ಲ. ಎಷ್ಟು ಚೆಂದ ಅಲ್ವಾ?

ಡಬ್ಬಿ ಮೇಲೆ ಸಣ್ಣಕ್ಷರದಲ್ಲಿ ಬರೆದಿತ್ತು: ಗೋಡೆ 12 ಎಂ.ಎಂ. ವರೆಗೆ. ನಾನು ಓದಿದ್ದೆ. ಓದಿಯೂ ಹಾಕಿದೆ. ಅಂಟಿಕೊಂಡಿತಲ್ಲ, ಸಾಕು ಅಂದುಕೊಂಡೆ.

ಬೆಳಗ್ಗೆ ಇನ್ನೊಂದು ತಪ್ಪು ಮಾಡಿದೆ. ಕೆಳಗೆ ಬಿದ್ದ ಪಂಪನ್ನು ಎತ್ತಿ ತೆಗೆಯುವ ಬದಲು, ಹೊರಗಿನ ಮ್ಯಾಗ್ನೆಟ್ ಹತ್ತಿರ ಹಿಡಿದು ಗೋಡೆಗುಂಟ ಮೇಲಕ್ಕೆ ಎಳೆದೆ. ಪಂಪಿನ ರಬ್ಬರ್ ಪ್ಯಾಡ್‌ಗೆ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿತ್ತು. ಸರ್‍ರ್ ಅಂತ ಒಂದು ಗೀರು. ಹತ್ತಿರ ತೋರಿಸುತ್ತೇನೆ, ನೋಡಿ, ಇಲ್ಲಿ, ನಾಲ್ಕು ಇಂಚು. ಗಾಜಾಗಿದ್ದರೆ ಇಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ. ಅಕ್ರಿಲಿಕ್ ಬೇಗ ಒಡೆಯುವುದಿಲ್ಲ, ಆದರೆ ಮೈ ಬಹಳ ಮೆತ್ತಗೆ. ಹೊರಗಡೆಯ ಗೀರು ಬೆಳಕಿಗೆ ಎದ್ದು ಕಾಣುತ್ತದೆ. ಒಳಗಡೆಯದು ನೀರು ತುಂಬಿದಾಗ ಅರ್ಧ ಮಾಯವಾಗುತ್ತದೆ, ಬೆಳಕು ಬಾಗುವ ವಿಷಯದಲ್ಲಿ ಗಾಳಿಗಿಂತ ನೀರು ಅಕ್ರಿಲಿಕ್‌ಗೆ ಹತ್ತಿರ. ಆದರೂ ಕಂಡೇ ಕಾಣುತ್ತದೆ, ನನ್ನ ಕಣ್ಣಿಗಂತೂ.

ಸರಿ, ಯಾಕೆ ಜಾರಿತು? ಸುಮ್ನೆ ಊಹೆ ಬೇಡ ಅಂತ ಅಳೆದು ನೋಡಿದೆ. ಬ್ಯಾಗ್ ತೂಕ ಮಾಡುವ ಕೊಕ್ಕೆಯ ಡಿಜಿಟಲ್ ತಕ್ಕಡಿ ಮನೆಯಲ್ಲಿತ್ತು. ಎರಡು ಮ್ಯಾಗ್ನೆಟ್ ಮಧ್ಯೆ 12 ಎಂ.ಎಂ. ಪ್ಲೈವುಡ್ ಇಟ್ಟೆ. ಒಂದನ್ನು ನೇರ ಎಳೆದಾಗ 2 ಕೆ.ಜಿ. 600 ಗ್ರಾಂಗೆ ಬಿಟ್ಟಿತು. ಆಮೇಲೆ ಪ್ಲೈವುಡ್ ಜೋಡಿಸಿ 25 ಎಂ.ಎಂ. ಮಾಡಿದೆ. ತಕ್ಕಡಿ ಕೆಟ್ಟಿದೆಯಾ ಅಂತ ಅನುಮಾನ ಬಂತು. ಬರೀ 600 ಗ್ರಾಂ! ದಪ್ಪ ಎರಡು ಪಟ್ಟಾದರೆ ಹಿಡಿತ ಅರ್ಧ ಆಗಬಹುದು ಅಂತ ನನ್ನ ತಲೆಯಲ್ಲಿತ್ತು. ಆಗಿದ್ದು ಕಾಲು ಭಾಗಕ್ಕಿಂತಲೂ ಕಮ್ಮಿ. ಮ್ಯಾಗ್ನೆಟ್ ಜಾತಿಯೇ ಹಾಗೆ, ಹತ್ತಿರ ಇದ್ದಾಗ ಪ್ರಾಣ ಕೊಡುತ್ತದೆ, ಸ್ವಲ್ಪ ದೂರ ಹೋದರೆ ಗುರುತೇ ಸಿಗದ ನೆಂಟ.

ಆದರೆ 600 ಗ್ರಾಂ ಹಿಡಿತ ಇದ್ದರೂ ಪಂಪು ಯಾಕೆ ಬಿತ್ತು? ಅದನ್ನೂ ತೂಗಿದೆ. ಗಾಳಿಯಲ್ಲಿ 420 ಗ್ರಾಂ. ಬಕೆಟ್ ನೀರಲ್ಲಿ ಮುಳುಗಿಸಿ ತಕ್ಕಡಿಗೆ ನೇತು ಹಾಕಿದರೆ 260. ಇಲ್ಲಿದೆ ವಿಷಯ. ಮ್ಯಾಗ್ನೆಟ್ ಎಳೆಯೋದು ಗೋಡೆಯ ಕಡೆಗೆ. ಪಂಪಿನ ತೂಕ ಎಳೆಯೋದು ಕೆಳಕ್ಕೆ. ಕೆಳಕ್ಕೆ ಜಾರದಂತೆ ತಡೆಯೋದು ಮ್ಯಾಗ್ನೆಟ್ ಅಲ್ಲ, ರಬ್ಬರ್ ಪ್ಯಾಡಿನ ಉಜ್ಜುವಿಕೆ. ಒದ್ದೆ ಪ್ಲಾಸ್ಟಿಕ್ ಮೇಲೆ ಅದು ಎಳೆತದ ಮೂರನೇ ಒಂದು ಭಾಗ ಸಿಕ್ಕರೆ ದೊಡ್ಡದು. 600ರಲ್ಲಿ ಮೂರನೇ ಒಂದು ಅಂದರೆ 200. ಕೆಳಕ್ಕೆ ಎಳೆಯುವ ತೂಕ 260. ಹಾಕಿದ ತಕ್ಷಣ ಬೀಳಬೇಕಿತ್ತು, ಪ್ಯಾಡ್ ಹೊಸದಾದ್ದರಿಂದ ರಾತ್ರಿವರೆಗೆ ತಡೆದುಕೊಂಡಿತು. ಮೇಲಿಂದ ಮೋಟರಿನ ನಡುಕ. ಒಂದೊಂದೇ ಕೂದಲೆಳೆ ಜಾರುತ್ತಾ ಬಂದಿದೆ.

ಪಾಚಿ ಬೆಳೆದ ಮೇಲೆ ಇನ್ನೂ ಕಷ್ಟ. ಲೋಳೆ ಮೇಲೆ ಯಾವ ಪ್ಯಾಡೂ ನಿಲ್ಲದು.

ಮೊದಲ ಉಪಾಯ ಎಲ್ಲರಿಗೂ ಹೊಳೆಯುವಂಥದ್ದು. ಮ್ಯಾಗ್ನೆಟ್ ಜೋರು ಮಾಡು. ಗುಜರಿಯಿಂದ ಹಳೇ ಸ್ಪೀಕರ್ ಮ್ಯಾಗ್ನೆಟ್ ತಂದೆ. ಕರಿ ಉಂಗುರದ ಹಾಗಿರುತ್ತದೆ, ಫೆರೈಟ್. ಉಪಯೋಗ ಆಗಲಿಲ್ಲ. ನಿಯೋಡೈಮಿಯಂ ಅನ್ನೋ ಜಾತಿಯ ಮ್ಯಾಗ್ನೆಟ್ ಬೇಕು, ಅದೇ ಗಾತ್ರದಲ್ಲಿ ಎಷ್ಟೋ ಪಟ್ಟು ಬಲ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿ ಮಸಾಟೊ ಸಗಾವಾ ಒಂದು ಕಡೆ, ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್ ಇನ್ನೊಂದು ಕಡೆ, ಹೆಚ್ಚು ಕಮ್ಮಿ ಒಂದೇ ಹೊತ್ತಿಗೆ ಕಂಡುಹಿಡಿದದ್ದು. ಅದು ಇಲ್ಲದಿದ್ದರೆ ಈ ಥರದ ಪಂಪೇ ಬರುತ್ತಿರಲಿಲ್ಲ ಅನಿಸುತ್ತದೆ ನನಗೆ.

ನಿಯೋಡೈಮಿಯಂನ ಸಣ್ಣ ಬಿಲ್ಲೆಗಳನ್ನು ತಂದು ಒಂದರ ಮೇಲೊಂದು ಪೇರಿಸಿದೆ. ಎರಡನೆಯದಕ್ಕೆ ಸ್ವಲ್ಪ ಜಾಸ್ತಿಯಾಯಿತು, ಮೂರನೆಯದಕ್ಕೆ ಹೇಳಿಕೊಳ್ಳುವಂಥದ್ದೇನಿಲ್ಲ. ಹಿಂದೆ ಇಟ್ಟದ್ದು ಇನ್ನೂ ದೂರವೇ ಆಯಿತಲ್ಲ. ಪಕ್ಕ ಪಕ್ಕ ನಾಲ್ಕು ಇಟ್ಟೆ, ಅವು ತಾವೇ ಉತ್ತರ, ದಕ್ಷಿಣ ಅಂತ ತಿರುಗಿ ಕೂತವು. ಆಗ ಬಲ ಅಲ್ಲಲ್ಲೇ ಸುತ್ತುತ್ತದೆ, ದೂರಕ್ಕೆ ಹೋಗದು. ಫ್ರಿಜ್ ಮೇಲೆ ಅಂಟಿಸುವ ಚಪ್ಪಟೆ ಮ್ಯಾಗ್ನೆಟ್ ನೋಡಿ, ಮಧ್ಯೆ ನಾಲ್ಕು ಹಾಳೆ ಬಂದರೆ ಬಿದ್ದೇ ಹೋಗುತ್ತದೆ, ಅದೂ ಇದೇ ಕಾರಣಕ್ಕೆ. ಕೊನೆಗೆ ಕೆಲಸ ಮಾಡಿದ್ದು ಅಗಲವಾದ ಒಂದೇ ಬಿಲ್ಲೆ, 50 ಎಂ.ಎಂ. ಅಗಲ, 10 ದಪ್ಪ. ಹಿಂದೆ ವೆಲ್ಡಿಂಗ್ ಶಾಪಿಂದ ತಂದ 5 ಎಂ.ಎಂ. ಕಬ್ಬಿಣದ ತುಂಡು. ಹಿಂದಕ್ಕೆ ಪೋಲಾಗುವ ಬಲವನ್ನು ಆ ಕಬ್ಬಿಣ ಮುಂದಕ್ಕೆ ತಿರುಗಿಸುತ್ತದೆ. ತಕ್ಕಡಿ 1 ಕೆ.ಜಿ. 100 ಗ್ರಾಂ ತೋರಿಸಿತು.

ಇಲ್ಲಿ ಒಂದು ಮಾತು. ಇದು ಆಟಿಕೆ ಅಲ್ಲ. ನನ್ನ ಹೆಬ್ಬೆರಳಿನ ಉಗುರು ನೋಡಿ, ಇನ್ನೂ ಕಪ್ಪಗಿದೆ. ಎರಡು ಬಿಲ್ಲೆ ಒಂದನ್ನೊಂದು ಕಂಡರೆ ಟಪ್ ಅಂತ ಹಾರಿ ಸೇರುತ್ತವೆ, ಮಧ್ಯೆ ಬೆರಳಿದ್ದರೆ ಅಷ್ಟೇ. ನಮ್ಮ ಮಾವನಿಗೆ ಪೇಸ್‌ಮೇಕರ್ ಇದೆ, ಅವರು ಬಂದಾಗ ಟ್ಯಾಂಕ್ ಪಕ್ಕದ ಕುರ್ಚಿ ಎತ್ತಿ ಆಚೆ ಇಡುತ್ತೇನೆ. ಮತ್ತೆ, ಈ ಎಕ್ಸ್‌ಟ್ರಾ ಮ್ಯಾಗ್ನೆಟ್ ಎಲ್ಲ ಹೊರಗಡೆ ಮಾತ್ರ. ನೀರೊಳಗೆ ಬರಿ ಮೈಯ ನಿಯೋಡೈಮಿಯಂ ಹಾಕಬೇಡಿ. ಮೇಲಿನ ನಿಕಲ್ ಪದರ ಒಂದು ಕಡೆ ಕಿತ್ತರೂ ತುಕ್ಕು ಹಿಡಿದು ಉಬ್ಬಿ ಪುಡಿಯಾಗುತ್ತದೆ. ಉಪ್ಪು ನೀರಿನ ಟ್ಯಾಂಕ್ ಆದರೆ ಇನ್ನೂ ಬೇಗ. ಪಂಪಿನ ಜೊತೆ ಬಂದ ಒಳಗಿನ ಮ್ಯಾಗ್ನೆಟ್ಟನ್ನೂ ತಿಂಗಳಿಗೊಮ್ಮೆ ತೆಗೆದು ನೋಡಿ, ಬಿರುಕು, ಕಂದು ಕಲೆ ಇದೆಯಾ ಅಂತ.

ಲೆಕ್ಕಕ್ಕೆ ಬರೋಣ. 1100ರಲ್ಲಿ ಮೂರನೇ ಒಂದು, 360 ಚಿಲ್ಲರೆ. ಬೇಕಾದ್ದು 260. ನಿಲ್ಲುತ್ತದೆ. ಆದರೆ ಪಾಚಿ ಬಂದ ದಿನ ಮತ್ತೆ ಜಾರುತ್ತದೆ. ಇನ್ನೂ ದೊಡ್ಡ ಮ್ಯಾಗ್ನೆಟ್ ತರಬೇಕಾ ಅಂತ ಕೂತಿದ್ದೆ. ಅಮ್ಮ ಕ್ಯಾಲೆಂಡರ್ ಸರಿ ಮಾಡುತ್ತಿದ್ದರು. ಗಾಳಿಗೆ ಪಟಪಟ ಅನ್ನುತ್ತದೆ ಅಂತ ಕೆಳಗಿನ ತುದಿಗೆ ಒಂಚೂರು ಟೇಪ್ ಹಚ್ಚಿದರು. ಕ್ಯಾಲೆಂಡರಿನ ತೂಕ ಹೊರೋದು ಗೋಡೆಯ ಮೊಳೆ, ಅಲ್ಲಾಡದಂತೆ ಹಿಡಿಯೋದು ಮಾತ್ರ ಟೇಪು. ನಾನು ಟೇಪಿಗೇ ಎಲ್ಲ ಹೊರಿಸಲು ಹೊರಟಿದ್ದೆ. ಪಂಪಿನ ತೂಕ ಬೇರೆ ಏನಾದರೂ ಹೊರಲಿ, ಮ್ಯಾಗ್ನೆಟ್ ಗೋಡೆಗೆ ಒತ್ತಿ ಹಿಡಿದರೆ ಸಾಕು.

ಅಶೋಕ ರಸ್ತೆ ಕಡೆ ಸೈನ್ ಬೋರ್ಡ್ ಮಾಡುವ ಅಂಗಡಿಗೆ ಹೋದೆ.

"ಏನ್ ಬೋರ್ಡ್ ಬೇಕ್ರಿ?"

"ಬೋರ್ಡ್ ಅಲ್ಲಣ್ಣ, ಮೀನಿನ ಪಂಪಿಗೆ ಒಂದು ಕೊಕ್ಕೆ."

"ಮೀನಿಗೆ ಕೊಕ್ಕೆ ಅಂದ್ರೆ ಗಾಳನೇ ಅಲ್ಲೇನ್ರಿ?"

ಅವರು 5 ಎಂ.ಎಂ. ಅಕ್ರಿಲಿಕ್ ಪಟ್ಟಿಯನ್ನು ಕಾದ ತಂತಿಯ ಮೇಲೆ ಹಿಡಿದರು. ಮುಟ್ಟದೆ, ಬೆರಳಗಲ ಮೇಲೆ. ಆ ಗೆರೆಯಷ್ಟೇ ಮೆತ್ತಗಾಗಬೇಕು. ಎರಡೂ ಕಡೆ ತಿರುಗಿಸಿ ತಿರುಗಿಸಿ ಕಾಯಿಸಿದರು. ಪಟ್ಟಿ ತನ್ನಷ್ಟಕ್ಕೆ ಜೋತು ಬಿದ್ದಾಗ ಮರದ ಅಂಚಿಗಿಟ್ಟು ಮಡಿಸಿ, ತಣ್ಣಗಾಗುವವರೆಗೆ ಅಂಗೈಯಲ್ಲಿ ಒತ್ತಿ ಹಿಡಿದರು. ಅವಸರ ಮಾಡಿ ಅರ್ಧ ಕಾದಾಗಲೇ ಬಾಗಿಸಿದರೆ ಮಡಿಕೆಯೊಳಗೆ ಕೂದಲಿನಂಥ ಬಿರುಕು ಬೀಳುತ್ತವಂತೆ. ತಣಿಯುವಷ್ಟರಲ್ಲಿ ನಾನು ಎದುರಿಗೆ ಹೋಗಿ ಮಂಡಕ್ಕಿ, ಎರಡು ಮೆಣಸಿನಕಾಯಿ ತಿಂದು ಬಂದೆ.

ಮನೆಗೆ ಬಂದು ಹಾಕಿ ನೋಡಿದರೆ ಪೆದ್ದನಾಗಿದ್ದೆ. ಅಕ್ರಿಲಿಕ್ ಟ್ಯಾಂಕಿಗೆ ಮೇಲೆ ಒಳಮುಖವಾಗಿ ಒಂದು ಪಟ್ಟಿ ಇರುತ್ತದೆ, ಗೋಡೆ ಹೊರಗೆ ಬಾಗದಿರಲಿ ಅಂತ. ನನ್ನದರಲ್ಲಿ ಅದು ಮೂರಿಂಚು ಅಗಲ. ಕೊಕ್ಕೆ ಆ ಪಟ್ಟಿಯ ಅಂಚಿಗೆ ಸಿಕ್ಕಿ, ಪಂಪು ಗೋಡೆಯಿಂದ ಮೂರಿಂಚು ದೂರ ತೂಗುತ್ತಿದೆ. ಪಟ್ಟಿಗೆ ತೂತು ಹೊಡೆಯಲೇ ಅನಿಸಿತು. ಬೇಡ, ಟ್ಯಾಂಕಿನ ಬಲವೇ ಅದು. ಮತ್ತೆ ಅದೇ ಅಂಗಡಿ. ಈ ಸಲ ಕುರ್ಚಿಯನ್ನು ಪಕ್ಕದಿಂದ ನೋಡಿದ ಹಾಗೆ ಮಡಿಸಿಕೊಂಡೆವು: ಅಂಚಿಗೆ ಸಿಕ್ಕಿ ಕೆಳಗಿಳಿದು, ಹಿಂದಕ್ಕೆ ಗೋಡೆಯ ಹತ್ತಿರ ಹೋಗಿ, ಮತ್ತೆ ಕೆಳಕ್ಕೆ. ತುದಿಯಲ್ಲಿ ಪಂಪಿನ ಕುತ್ತಿಗೆ ಕೂರುವಂತೆ ಒಂದು ಕಚ್ಚು. ಪ್ಯಾಡ್ ಮತ್ತು ಗೋಡೆಯ ಮಧ್ಯೆ ಮಾತ್ರ ಪಟ್ಟಿ ಬರಬಾರದು, ಬಂದರೆ ಇನ್ನೂ 5 ಎಂ.ಎಂ. ದೂರ ಆಗುತ್ತದೆ. "ಎರಡನೇದಕ್ಕೆ ದುಡ್ಡು ಬೇಡ ಬಿಡ್ರಿ, ಮೀನಿನ ವಿಡಿಯೋ ತೋರಿಸ್ರಿ ಸಾಕು" ಅಂದರು ಅಣ್ಣ. ಅಣ್ಣ, ಇದೇ ಆ ವಿಡಿಯೋ.

ಸಿಲಿಕೋನ್ ಹಾಕಿ ಅಂಟಿಸಬಹುದಿತ್ತಲ್ಲ ಅಂತ ಕೇಳುವವರಿಗೆ: ಅಕ್ರಿಲಿಕ್‌ಗೆ ಸಿಲಿಕೋನ್ ಗಟ್ಟಿಯಾಗಿ ಹಿಡಿಯದು, ಗಾಜಿಗೆ ಹಿಡಿದ ಹಾಗೆ ಅಲ್ಲ. ಸಿಪ್ಪೆ ಸುಲಿದ ಹಾಗೆ ಬಂದುಬಿಡುತ್ತದೆ. ಸೈನ್ ಬೋರ್ಡ್‌ನವರು ಕ್ಲೋರೋಫಾರ್ಮ್ ಬಿಟ್ಟು ಅಂಚು ಕರಗಿಸಿ ಬೆಸೆಯುತ್ತಾರೆ, ನೀರು, ಮೀನು ಇರುವ ಟ್ಯಾಂಕಿನಲ್ಲಿ ಆ ಕೆಲಸ ಕನಸಲ್ಲೂ ಬೇಡ.

ಉಳಿದ ಸಾಮಾನಿಗೂ ಇದೇ ಪಾಡು. ಪಾಚಿ ಉಜ್ಜುವ ಮ್ಯಾಗ್ನೆಟ್ ಬ್ರಷ್ 12 ಎಂ.ಎಂ.ಗೆ ಮಾಡಿದ್ದು, ನನ್ನ ಗೋಡೆಯಲ್ಲಿ ಹೊರಗಿನದು ಒಂದು ಕಡೆ ಹೋದರೆ ಒಳಗಿನದು ಇನ್ನೊಂದು ಕಡೆ. ಬಿಟ್ಟುಬಿಟ್ಟೆ. ಉದ್ದ ಹಿಡಿಕೆಗೆ ಮೆತ್ತನೆಯ ಸ್ಪಾಂಜ್ ಕಟ್ಟಿಕೊಂಡಿದ್ದೇನೆ, ಮರಳಿನಿಂದ ಎರಡಿಂಚು ಮೇಲೆಯೇ ನಿಲ್ಲಿಸುತ್ತೇನೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಅಂಚಿಗೆ ಕೂರುತ್ತದಲ್ಲ, ಅದಕ್ಕೆ ವಿನೆಗರ್ ಒದ್ದೆ ಬಟ್ಟೆ ಸಾಕು. ಗಾಜು ಒರೆಸುವ ಅಮೋನಿಯಾ ಸ್ಪ್ರೇ, ಥಿನ್ನರ್, ಸ್ಪಿರಿಟ್ ಯಾವುದೂ ಮುಟ್ಟಿಸಬೇಡಿ, ಮೈಯೆಲ್ಲ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಗೀರಿಗೆ 1500, 2000, 3000 ನಂಬರಿನ ನೀರುಕಾಗದ, ಅಂದರೆ ಒದ್ದೆ ಮಾಡಿ ಉಜ್ಜುವ ನಯವಾದ ಉಪ್ಪುಕಾಗದ, ಒಂದರ ನಂತರ ಒಂದು ಉಜ್ಜಿದೆ. ಒಂದು ಭಾನುವಾರ ಪೂರ್ತಿ ಹೋಯಿತು. ಮುಕ್ಕಾಲು ಮರೆಯಾಗಿದೆ.

ಈಗ ಸ್ವಿಚ್ ಹಾಕುತ್ತೇನೆ. ನೋಡಿ, ಮೊದಲು ಎಲ್ಲ ಚೆದುರಿದವು. ಒಂದೆರಡು ನಿಮಿಷ ಅಷ್ಟೇ. ಒಂದೊಂದಾಗಿ ಹರಿವಿನ ಕಡೆಗೆ ಮೂತಿ ತಿರುಗಿಸಿಕೊಂಡು, ಸಾಲಾಗಿ, ಈಜುತ್ತಲೇ ಇದ್ದ ಜಾಗದಲ್ಲೇ ನಿಂತವು.

ಹೊರಗಡೆ ಮ್ಯಾಗ್ನೆಟ್ ಸುತ್ತ ಮಾರ್ಕರ್‌ನಿಂದ ಒಂದು ಗೆರೆ ಹಾಕಿದ್ದೆ, ಜಾರಿದರೆ ಗೊತ್ತಾಗಲಿ ಅಂತ. ಹದಿನೇಳು ದಿನ ಆಯಿತು, ಗೆರೆ ಬಿಟ್ಟು ಕದಲಿಲ್ಲ. ಮೊನ್ನೆ ಬೆಳಗ್ಗೆ ಮಾತ್ರ ಎದೆ ಧಸಕ್ ಅಂದಿತು, ಏನೋ ನೇತಾಡುತ್ತಿದೆ ಅಲ್ಲಿ. ಹತ್ತಿರ ಹೋಗಿ ನೋಡಿದರೆ ಅಮ್ಮನ ಹೂವಿನ ಕತ್ತರಿ. ಆ ಕಬ್ಬಿಣದ ತುಂಡಿಗೆ ಅಂಟಿಸಿಟ್ಟಿದ್ದಾರೆ. "ಅಲ್ಲಿದ್ರೆ ಕಳಿಯಲ್ಲ, ತೆಗಿಬೇಡ" ಅಂದಿದ್ದಾರೆ.