ಜಾರ್ಜಿಯಾನಾ ಮತ್ತು ಬೀಜದ ಪೆಟ್ಟಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆತನದ ಚರಿತ್ರೆ ಹುಡುಕುವುದು ಆಸ್ಟ್ರೇಲಿಯಾದಲ್ಲಿ ತುಂಬಾ ಜನರ ಹವ್ಯಾಸ. ಮುತ್ತಜ್ಜ ಯಾವ ಹಡಗಿನಲ್ಲಿ ಬಂದ, ಎಷ್ಟು ಎಕರೆ ಸಿಕ್ಕಿತು, ಯಾವ ಹುದ್ದೆ ಹಿಡಿದ, ಇದೆಲ್ಲ ಬೇಗ ಸಿಗುತ್ತದೆ. ಮುತ್ತಜ್ಜಿಯ ಬಗ್ಗೆ ಕೇಳಿ ನೋಡಿ. ಮದುವೆಯ ದಿನ, ಮಕ್ಕಳ ಹೆಸರು, ಸತ್ತ ದಿನ. ಅಲ್ಲಿಗೆ ಕಡತ ಮುಗಿಯಿತು. ಜಾರ್ಜಿಯಾನಾ ಮೊಲಾಯ್ ಕಥೆಯೂ ಹಾಗೇ ಮುಗಿಯಬೇಕಿತ್ತು. ಲಂಡನ್ನಿನಿಂದ ಬಂದ ಒಂದು ಪೆಟ್ಟಿಗೆ ಅದನ್ನು ಉಳಿಸಿತು.

ಜಾರ್ಜಿಯಾನಾ ಹುಟ್ಟಿದ್ದು 1805ರಲ್ಲಿ, ಇಂಗ್ಲೆಂಡಿನ ಉತ್ತರ ತುದಿಯ ಕಾರ್ಲೈಲ್ ಹತ್ತಿರ. 1829ರಲ್ಲಿ ಕ್ಯಾಪ್ಟನ್ ಜಾನ್ ಮೊಲಾಯ್ ಜೊತೆ ಮದುವೆ. ಗಂಡ ವಾಟರ್ಲೂ ಯುದ್ಧ ಕಂಡಿದ್ದ ಸೈನಿಕ, ವಯಸ್ಸಿನಲ್ಲಿ ಬಹಳ ದೊಡ್ಡವನು. ಮದುವೆಯಾದ ಬೆನ್ನಲ್ಲೇ ಇಬ್ಬರೂ 'ವಾರಿಯರ್' ಎಂಬ ಹಡಗು ಹತ್ತಿದರು. 1830ರ ಮಾರ್ಚ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾ ತಲುಪಿದರೆ, ಪರ್ತ್ ಸುತ್ತಲಿನ ಒಳ್ಳೆಯ ಜಮೀನೆಲ್ಲ ಆಗಲೇ ಹಂಚಿಹೋಗಿತ್ತು. ಗವರ್ನರ್ ಸ್ಟರ್ಲಿಂಗ್ ದಕ್ಷಿಣಕ್ಕೆ ಕೈ ತೋರಿಸಿದ. ಹಾಗೆ ಮೇ ತಿಂಗಳಲ್ಲಿ ಅಗಸ್ಟಾ ಎಂಬ ಕಡಲ ಮೂಲೆಯಲ್ಲಿ ಇಳಿದರು.

ನಮಗೆ ಮೇ ಅಂದರೆ ಸುಡುಬಿಸಿಲು, ಮಾವಿನ ಹಣ್ಣು. ಅಲ್ಲಿ ಅದು ಮಳೆ, ಚಳಿ ಶುರುವಾಗುವ ಕಾಲ. ಜಾರ್ಜಿಯಾನಾ ತುಂಬು ಬಸುರಿ. ಮನೆ ಇಲ್ಲ, ಬರೀ ಡೇರೆ. ಆ ಡೇರೆಯಲ್ಲೇ ಹೆರಿಗೆ. ಬಟ್ಟೆಯ ಚಾವಣಿ ಸೋರುತ್ತಿತ್ತು. ತಾಯಿಯ ಮೇಲೆ ಕೊಡೆ ಹಿಡಿದುಕೊಂಡು ನಿಲ್ಲಬೇಕಾಯಿತು. ಕೂಸು ಕೆಲವೇ ದಿನ ಬದುಕಿತು. ಆ ಪುಟ್ಟ ಸಮಾಧಿಯ ಮೇಲೆ ಬ್ರಿಟನ್ನಿನ ಕ್ಲೋವರ್ ಹುಲ್ಲು ಬೆಳೆಸಿದ್ದನ್ನು ಮುಂದೆ ತನ್ನಂತೆಯೇ ಮಗು ಕಳೆದುಕೊಂಡ ಗೆಳತಿಗೆ ಬರೆದಳು.

ಆಮೇಲಿನ ವರ್ಷಗಳಲ್ಲಿ ಬಟ್ಟೆ ಒಗೆಯುವುದು, ರೊಟ್ಟಿ ಬೇಯಿಸುವುದು, ಹೊಲಿಗೆ, ಮತ್ತೆ ಬಾಣಂತನ. ಗಂಡ ಊರಿನ ಮ್ಯಾಜಿಸ್ಟ್ರೇಟ್, ಆಗಾಗ ಹೊರಗಡೆ. ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟುಹೋದರು.

1836ರ ಡಿಸೆಂಬರ್‌ನಲ್ಲಿ ಆ ಪೆಟ್ಟಿಗೆ ಬಂತು. ಕಳಿಸಿದ್ದು ಜೇಮ್ಸ್ ಮ್ಯಾಂಗಲ್ಸ್ ಎಂಬ ನೌಕಾಪಡೆಯ ಕ್ಯಾಪ್ಟನ್, ಗವರ್ನರ್ ಹೆಂಡತಿಯ ನೆಂಟ, ಗಿಡದ ಹುಚ್ಚು ಹತ್ತಿದವನು. ಒಳಗೆ ಇಂಗ್ಲೆಂಡಿನ ಹೂಗಿಡಗಳ ಬೀಜ. ಪೆಟ್ಟಿಗೆ ಖಾಲಿ ಮಾಡಿಕೊಂಡು ಅದರಲ್ಲಿ ನಿಮ್ಮ ಕಾಡಿನ ಬೀಜ ತುಂಬಿ ಕಳಿಸಿ ಎಂಬ ಕೋರಿಕೆ ಬೇರೆ. ಲಂಡನ್ನಿನಲ್ಲಿ ಕೂತವನಿಗೆ ಹೇಳೋದು ಸುಲಭ, ಅಲ್ವಾ? ಬೀಜ ಬಲಿತ ವಾರವೇ ಕಾಡಿನಲ್ಲಿರಬೇಕು. ಒಂದು ವಾರ ತಡವಾದರೆ ಕಾಯಿ ಸಿಡಿದು, ಇರುವೆ ಹೊತ್ತು, ಏನೂ ಉಳಿಯುವುದಿಲ್ಲ.

ಆದರೂ ಜಾರ್ಜಿಯಾನಾ ಒಪ್ಪಿಕೊಂಡಳು. ಅಷ್ಟರಲ್ಲಿ, 1837ರ ನವೆಂಬರ್‌ನಲ್ಲಿ, ಒಂದೂವರೆ ವರ್ಷದ ಮಗ ಜಾನ್ ಬಾವಿಗೆ ಬಿದ್ದು ಸತ್ತ. ಆ ದಿನ ನಡೆದದ್ದನ್ನೆಲ್ಲ ಅವಳು ಯಾರಿಗೆ ಬಿಡಿಸಿ ಬರೆದಳು ಗೊತ್ತೇ? ಮುಖವನ್ನೇ ನೋಡದ ಮ್ಯಾಂಗಲ್ಸ್‌ಗೆ. ಬೀಜದ ಪಟ್ಟಿ, ಮಗುವಿನ ಸಾವು ಎರಡೂ ಅದೇ ಪತ್ರವ್ಯವಹಾರದಲ್ಲಿವೆ. ನನಗಂತೂ ಇದು ವಿಚಿತ್ರ ಅನ್ನಿಸುವುದಿಲ್ಲ. ಸುತ್ತಮುತ್ತ ಮಾತಿಗೆ ಸಿಗುವವರು ನಾಲ್ಕು ಮನೆಯವರು. ಅವಳ ಕೆಲಸವನ್ನು ಕೆಲಸವೆಂದು ಕಂಡವನು ಆ ದೂರದ ಮನುಷ್ಯನೊಬ್ಬನೇ.

ಅವಳ ಕೆಲಸದ ರೀತಿ ನೋಡಬೇಕು. ಹೂ ಬಿಟ್ಟಾಗ ಗಿಡದ ಒಂದು ಟೊಂಗೆ ತಂದು ಕಾಗದದ ನಡುವೆ ಒತ್ತಿ ಒಣಗಿಸುವುದು. ಅದಕ್ಕೊಂದು ಸಂಖ್ಯೆ. ಬೀಜ ಬಲಿತಾಗ ಅದೇ ಗಿಡದ ಹತ್ತಿರ ಮತ್ತೆ ಹೋಗಿ, ತಂದ ಬೀಜದ ಪೊಟ್ಟಣಕ್ಕೂ ಅದೇ ಸಂಖ್ಯೆ. ಚಿಕ್ಕ ಹೆಣ್ಣುಮಕ್ಕಳು ಜೊತೆಗೆ ಓಡಾಡಿ ಸಹಾಯ ಮಾಡುತ್ತಿದ್ದರು. ಅಲ್ಲಿನ ಮೂಲನಿವಾಸಿ ನೂಂಗಾರ್ ಜನ ಬೀಜ ತಂದುಕೊಡುತ್ತಿದ್ದರು. ಯಾವ ಗಿಡ ಎಲ್ಲಿ, ಯಾವಾಗ ಕಾಯಿ ಬಿಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇಂಗ್ಲೆಂಡಿನ ತೋಟಗಾರರು ಬೆರಗಾದರು. ದೂರ ದೇಶಕ್ಕೆ ಹೋದವರಲ್ಲಿ ಹತ್ತು ಸಾವಿರಕ್ಕೆ ಒಬ್ಬರೂ ತಾಯ್ನಾಡಿನ ತೋಟಗಳಿಗೆ ಇಷ್ಟು ಮಾಡಿಲ್ಲ ಎಂದು ಅವರಲ್ಲೊಬ್ಬ, ಜಾರ್ಜ್ ಹೇಲ್ಸ್, ಮ್ಯಾಂಗಲ್ಸ್‌ಗೆ ಬರೆದ. ಅವಳು ಒಣಗಿಸಿದ ಗಿಡಗಳು ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲೆಯ ಕೈಗೂ ಹೋದವು.

1839ರಲ್ಲಿ ಕುಟುಂಬ ವಾಸ್ ನದಿಯ ದಡಕ್ಕೆ, ಈಗಿನ ಬಸಲ್ಟನ್‌ಗೆ ಹೋಯಿತು. ಉದ್ದನೆಯ ಮರದ ಜೆಟ್ಟಿ ನೋಡಲು ಪ್ರವಾಸಿಗರು ಹೋಗುವ ಊರು ಅದು.

ಈಗ ಹೇಳುವುದನ್ನು ಹಾರಿಸಿಬಿಟ್ಟರೆ ಕಥೆ ಸುಳ್ಳಾಗುತ್ತದೆ. 1841ರ ಫೆಬ್ರವರಿಯಲ್ಲಿ ವೊನ್ನರಪ್ ಎಂಬಲ್ಲಿ ಜಾರ್ಜ್ ಲೇಮನ್ ಎಂಬ ವಲಸಿಗ, ನೂಂಗಾರ್ ಒಬ್ಬನ ಈಟಿಗೆ ಬಲಿಯಾದ. ಸೇಡಿಗೆ ಹೊರಟ ತಂಡಗಳ ಮುಂದಾಳುಗಳಲ್ಲಿ ಕ್ಯಾಪ್ಟನ್ ಮೊಲಾಯ್ ಕೂಡ ಒಬ್ಬ. ನೂಂಗಾರ್ ಜನರನ್ನು ಗುಂಡಿಟ್ಟು ಕೊಂದರು. ಸತ್ತವರ ಸಂಖ್ಯೆಯ ಬಗ್ಗೆ ಸರ್ಕಾರಿ ವರದಿಗೂ ನೂಂಗಾರ್ ಹಿರಿಯರ ನೆನಪಿಗೂ ದೊಡ್ಡ ಅಂತರವಿದೆ. ಹೆಂಡತಿಗೆ ಬೀಜ ಆಯ್ದು ಕೊಟ್ಟ ಜನ, ಗಂಡ ಬಂದೂಕು ಹಿಡಿದದ್ದು ಅದೇ ಜನರ ಮೇಲೆ. ಇವೆರಡನ್ನೂ ಒಂದೇ ಪುಟದಲ್ಲಿ ಬರೆಯಲು ಅಲ್ಲಿನ ಹಲವು ಮನೆತನಗಳಿಗೆ ಬಹಳ ಕಾಲ ಹಿಡಿದಿದೆ.

1842ರ ಡಿಸೆಂಬರ್‌ನಲ್ಲಿ ಏಳನೆಯ ಹೆರಿಗೆ. ಅದರಿಂದ ಜಾರ್ಜಿಯಾನಾ ಚೇತರಿಸಿಕೊಳ್ಳಲೇ ಇಲ್ಲ. 1843ರ ಏಪ್ರಿಲ್ 8ರಂದು ತೀರಿಕೊಂಡಾಗ ವಯಸ್ಸು 37. ಉಳಿದದ್ದು ಐದು ಹೆಣ್ಣುಮಕ್ಕಳು. ದೊಡ್ಡವಳು ಸಬೀನಾ ಮದುವೆಯಾದ ಮ್ಯಾಥ್ಯೂ ಹೇಲ್ ಮುಂದೆ ಪರ್ತ್‌ನ ಮೊದಲ ಬಿಷಪ್ ಆದ. ಮೇರಿಯ ಗಂಡ ಎಡ್ಮಂಡ್ ಡುಕೇನ್ ಇಂಗ್ಲೆಂಡಿಗೆ ಮರಳಿ ಜೈಲುಗಳ ದೊಡ್ಡ ಅಧಿಕಾರಿಯಾದ. ನೋಡಿ, ಮಕ್ಕಳ ಕಥೆ ಹೇಳಹೋದರೂ ಅಳಿಯಂದಿರ ಹುದ್ದೆಗೇ ಬಂದು ನಿಲ್ಲುತ್ತದೆ!

ಜಾರ್ಜಿಯಾನಾ ಪತ್ರಗಳನ್ನು ಮ್ಯಾಂಗಲ್ಸ್ ಪುಸ್ತಕಕ್ಕೆ ನಕಲು ಮಾಡಿಸಿಟ್ಟಿದ್ದ. ಆ ಪುಸ್ತಕಗಳು ಈಗ ಪರ್ತ್‌ನ ರಾಜ್ಯ ಗ್ರಂಥಾಲಯದಲ್ಲಿವೆ. ಪಶ್ಚಿಮ ಆಸ್ಟ್ರೇಲಿಯಾದ ರಾಜ್ಯ ಹೂವು ಕೆಂಪು-ಹಸಿರು ಕಾಂಗರೂ ಪಾ. ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿರುವುದು ಮ್ಯಾಂಗಲ್ಸ್ ಮನೆತನ. ಜಾರ್ಜಿಯಾನಾ ಪಾಲಿಗೆ ಬಂದದ್ದು ಎತ್ತರಕ್ಕೆ ಬೆಳೆಯುವ ಒಂದು ಬೊರೋನಿಯಾ ಗಿಡ, ಬೊರೋನಿಯಾ ಮೊಲಾಯೇ. ಪರ್ತ್ ಕಡೆ ಇರುವ ನಮ್ಮ ಕನ್ನಡದವರು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಕ್ಷಿಣಕ್ಕೆ ಹೋದರೆ ಸ್ವಲ್ಪ ಕಣ್ಣಾಡಿಸಿ. ಅಲ್ಲಿ ಹೂ ಬಿಡುವ ಕಾಲ ಅದು.

ನಮಸ್ಕಾರ.